ಇಬ್ಬರು ಲಕ್ಷ್ಮಮ್ಮಂದಿರು, ಮೂರು ಶಂಕರಪ್ಪ: ಹಾಜರಿ ಕಡತದ ಹೆಸರುಗಳನ್ನು ಎಣಿಸಿದ ಒಂದು ಪ್ರಕರಣ

ಇದು ಹಳೆಯ ಮೈಸೂರು ಭಾಗದ ಒಂದು ಸಹಕಾರ ಸಂಘದಲ್ಲಿ ನಡೆದದ್ದು. ಸಂಘ ಯಾವುದು, ಊರು ಯಾವುದು, ಯಾವ ವರ್ಷ ಎಂಬುದನ್ನು ಬಿಟ್ಟಿದ್ದೇನೆ. ಸದಸ್ಯರ ಹೆಸರುಗಳನ್ನೂ ಬದಲಿಸಿದ್ದೇನೆ. ಆದರೆ ತೊಡಕು ಇದ್ದದ್ದೇ ಅಕ್ಷರಗಳಲ್ಲಿ. ಹಾಗಾಗಿ ಅದೇ ತೊಡಕನ್ನು ತೋರಿಸಬಲ್ಲ ಹೆಸರುಗಳನ್ನೇ ಆರಿಸಿಕೊಂಡಿದ್ದೇನೆ.

ಸಂಘದ ಬೈಲಾದಲ್ಲಿ ಒಂದು ನಿಯಮವಿತ್ತು. ಹಿಂದಿನ ಐದು ವಾರ್ಷಿಕ ಮಹಾಸಭೆಗಳ ಪೈಕಿ ಕನಿಷ್ಠ ಎರಡಕ್ಕೆ ಬಂದ ಸದಸ್ಯರಿಗೆ ಮಾತ್ರ ಆಡಳಿತ ಮಂಡಳಿಯ ಚುನಾವಣೆಯಲ್ಲಿ ಮತ. ಹಾಜರಿ ಪುಸ್ತಕಗಳು ಐದು. ಅವುಗಳಲ್ಲಿ ಸಹಿಗಳಿದ್ದವು, ಹೆಬ್ಬೆಟ್ಟುಗಳಿದ್ದವು, ಪಕ್ಕದಲ್ಲಿ ಗುಮಾಸ್ತರು ಬರೆದ ಹೆಸರುಗಳಿದ್ದವು. ಪ್ರತಿ ವರ್ಷ ಸಭೆ ಮುಗಿದ ಮೇಲೆ ಯಾರಾದರೊಬ್ಬರು ಆ ಹೆಸರುಗಳನ್ನು ಟೈಪ್ ಮಾಡಿ ಇಡುವ ಪದ್ಧತಿಯೂ ಇತ್ತು. ಒಂದು ವರ್ಷ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಆಮೇಲೆ ಯೂನಿಕೋಡ್‌ಗೆ, ಅಂದರೆ ಎಲ್ಲ ಭಾಷೆಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ವ್ಯವಸ್ಥೆಗೆ, ಪರಿವರ್ತಿಸಿದ್ದರು. ಇನ್ನೊಂದು ವರ್ಷ ಮೊಬೈಲ್ ಕೀಲಿಮಣೆ. ಉಳಿದವು ಕಚೇರಿಯ ಕಂಪ್ಯೂಟರ್‌ನಲ್ಲಿ, ಬೇರೆ ಬೇರೆ ಕೈಗಳಲ್ಲಿ. ಚುನಾವಣೆ ಹತ್ತಿರ ಬಂದಾಗ ಕಾರ್ಯದರ್ಶಿಗಳು ಈ ಐದು ಕಡತಗಳನ್ನು ಒಂದೇ ಪಠ್ಯ ಕಡತವಾಗಿ ಜೋಡಿಸಿ, ಎಂಜಿನಿಯರಿಂಗ್ ಓದುತ್ತಿದ್ದ ತಮ್ಮ ಸೋದರಳಿಯನ ಕೈಗಿತ್ತರು. ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ, ಎರಡು ಅಥವಾ ಹೆಚ್ಚು ಬಾರಿ ಬಂದವರ ಪಟ್ಟಿ ಕೊಡು ಎಂದರು.

ಕೆಲಸ ಸರಳವಾಗಿಯೇ ಕಾಣುತ್ತದೆ. 1977ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಆಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದು ಒಂದು ಸಾಲಿನ ಕೆಲಸ, ಹತ್ತು ವರ್ಷಗಳ ನಂತರ ಬಂದ ಪರ್ಲ್‌ನಲ್ಲೂ ಅಷ್ಟೇ. ಹೆಸರನ್ನೇ ಕೀಲಿಯಾಗಿಟ್ಟುಕೊಂಡ ಒಂದು ಕೋಷ್ಟಕ. ಹೆಸರು ಸಿಕ್ಕಾಗಲೆಲ್ಲ ಅದರ ಎದುರಿನ ಅಂಕಿಗೆ ಒಂದನ್ನು ಕೂಡಿಸು. ಹುಡುಗ ಆರಿಸಿಕೊಂಡ ಪೈಥಾನ್‌ನಲ್ಲಿ ಇದಕ್ಕಾಗಿಯೇ ‘ಕೌಂಟರ್’ ಎಂಬ ಸಿದ್ಧ ಸಾಧನವಿದೆ. ಸಾಲುಗಳನ್ನು ಅದಕ್ಕೆ ಕೊಟ್ಟರೆ ಎಣಿಕೆ ತಾನಾಗಿ ಬರುತ್ತದೆ.

ಮೊದಲ ಅಡ್ಡಿ ಎದುರಾದದ್ದು ಕಡತವನ್ನು ತೆರೆಯುವಾಗಲೇ. ವಿಂಡೋಸ್‌ನಲ್ಲಿ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಸಂಕೇತಪದ್ಧತಿ ಯಾವುದೆಂದು ಹೇಳದೆ ಕಡತ ತೆರೆದರೆ, ಅವನ ಬಳಿಯಿದ್ದ ಪೈಥಾನ್ ಅದನ್ನು ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ 1252 ಎಂಬ ಹಳೆಯ ಪಟ್ಟಿಯ ಪ್ರಕಾರ ಓದುತ್ತದೆ. ಕಡತವಿದ್ದದ್ದು ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ; ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಸ್ವರಚಿಹ್ನೆ, ‘್’ ಎಲ್ಲವೂ ಒಂದೊಂದು ಸಂಕೇತ) ಮೂರು ಬೈಟ್. ‘ು’ ಚಿಹ್ನೆಯ ಕೊನೆಯ ಬೈಟ್ 129, ‘್’ ಚಿಹ್ನೆಯದು 141. ಆ ಹಳೆಯ ಪಟ್ಟಿಯಲ್ಲಿ ಈ ಎರಡು ಸ್ಥಾನಗಳೂ ಖಾಲಿ. ಆದ್ದರಿಂದ ಕೊಂಬಾಗಲಿ ಒತ್ತಕ್ಷರವಾಗಲಿ ಸಿಕ್ಕ ಮೊದಲ ಹೆಸರಿನಲ್ಲೇ ಪ್ರೋಗ್ರಾಂ ನಿಂತಿತು. ಹುಡುಗ ಯುಟಿಎಫ್-8 ಎಂದು ಸೂಚಿಸಿದ. ಕಡತ ಸರಿಯಾಗಿ ತೆರೆದುಕೊಂಡಿತು. ಕೂಗಿ ಹೇಳುವ ದೋಷಗಳು ಹೀಗೆ ಬೇಗ ಬಗೆಹರಿಯುತ್ತವೆ. ಈ ಪ್ರಕರಣದಲ್ಲಿ ಕೂಗದ ದೋಷಗಳೇ ಹೆಚ್ಚು.

ಅವನು ತೆಗೆದುಕೊಂಡ ಎರಡು ತೀರ್ಮಾನಗಳನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಕಡೆಯ ದಾಖಲೆಗಳಲ್ಲಿ ಗಂಡಸರ ಹೆಸರಿನ ಮುಂದೆ ‘ಬಿನ್’ ಹಾಕಿ ತಂದೆಯ ಹೆಸರು, ಮದುವೆಯಾದ ಹೆಂಗಸರ ಹೆಸರಿನ ಮುಂದೆ ‘ಕೋಂ’ ಹಾಕಿ ಗಂಡನ ಹೆಸರು ಬರೆಯುವುದು ರೂಢಿ. ಕೆಲವು ವರ್ಷ ಇವನ್ನು ಟೈಪ್ ಮಾಡಿದ್ದರು, ಕೆಲವು ಕಡೆ ಬಿಟ್ಟಿದ್ದರು. ಎಲ್ಲವೂ ಒಂದೇ ತೆರನಾಗಲಿ ಎಂದು ಹುಡುಗ ಬಿನ್, ಕೋಂ ಮತ್ತು ಅವುಗಳ ಮುಂದಿನದ್ದನ್ನೆಲ್ಲ ಕತ್ತರಿಸಿ ಹಾಕಿದ. ಇದು ಮೊದಲನೆಯದು. ಎರಡನೆಯದು, ಪಟ್ಟಿಯನ್ನು ಮುದ್ರಿಸುವಾಗ ಎಣಿಕೆಯ ಅಂಕಿಗಳನ್ನು ಬಿಟ್ಟು ಹೆಸರುಗಳನ್ನಷ್ಟೇ ಇಟ್ಟ. ಅಂಕಿಗಳು ಯಾರಿಗೆ ಬೇಕು, ಹೆಸರಿದ್ದರೆ ಸಾಕಲ್ಲ ಎಂಬ ಎಣಿಕೆ. ಪಟ್ಟಿ ಸೂಚನಾ ಫಲಕದ ಮೇಲೆ ಬಿತ್ತು.

ಜಗಳ ಮರುದಿನವೇ ಶುರುವಾಯಿತು.

ಮೊದಲು ಬಂದವರು ಶಂಕರಪ್ಪನವರು. “ಮೂರು ಸಭೆಗೆ ಬಂದಿದ್ದೇನೆ ಸ್ವಾಮಿ. ಒಂದು ಸಭೆಯಲ್ಲಿ ಲೆಕ್ಕಪತ್ರದ ಮೇಲೆ ನಾನೇ ಎದ್ದು ನಿಂತು ಪ್ರಶ್ನೆ ಕೇಳಿದ್ದು ನಿಮ್ಮ ನಡಾವಳಿ ಪುಸ್ತಕದಲ್ಲೇ ಇದೆ. ಈಗ ನಾನು ಬಂದೇ ಇಲ್ಲ ಎಂದರೆ ಹೇಗೆ?” ಎಂದರು. ಅವರ ಹಿಂದೆ ಸಾಲು ಸಾಲಾಗಿ ಜನ. ಬಿಟ್ಟುಹೋದವರಲ್ಲಿ ಹೆಚ್ಚಿನವರು ಹಾಲಿ ಅಧ್ಯಕ್ಷರ ವಿರೋಧಿಗಳು ಎಂಬ ಮಾತೂ ಹರಡಿತು. ಹಾಗೇನೂ ಇರಲಿಲ್ಲ ಎಂದು ಆಮೇಲೆ ತಿಳಿಯಿತು, ಆದರೆ ಚುನಾವಣೆಯ ಹೊತ್ತಿನಲ್ಲಿ ಕಂಪ್ಯೂಟರ್ ಕೊಟ್ಟ ಪಟ್ಟಿ ಎಂಬ ಸಮಜಾಯಿಷಿ ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಕಡತ, ಪ್ರೋಗ್ರಾಂ, ಹುಡುಗ ಮೂವರೂ ನನ್ನ ಮುಂದೆ ಬಂದದ್ದು ಈ ಹಂತದಲ್ಲಿ.

ನಾವು ಮೊದಲು ಮಾಡಿದ್ದು ಅಂಕಿಗಳನ್ನು ಮರಳಿ ತರುವುದು. ಅಂಕಿಗಳೊಂದಿಗೆ, ಅಕ್ಷರಾನುಕ್ರಮದಲ್ಲಿ, ಪೂರ್ತಿ ಪಟ್ಟಿಯನ್ನು ಮುದ್ರಿಸಿದೆವು. ಕಣ್ಣಿಗೆ ಕುಕ್ಕುವಂತೆ ಎರಡು ಸಂಗತಿಗಳು ಕಂಡವು. ಲಕ್ಷ್ಮಮ್ಮ ಎಂಬ ಹೆಸರಿನ ಎದುರು 6 ಎಂದಿತ್ತು. ನಡೆದ ಸಭೆಗಳೇ ಐದು. ಈ ಅಂಕಿ ಫಲಕದ ಮೇಲೆ ಹೋಗಿದ್ದರೆ ಯಾವ ಸದಸ್ಯರಾದರೂ ಅಲ್ಲೇ ಹಿಡಿಯುತ್ತಿದ್ದರು. ಇನ್ನು ಶಂಕರಪ್ಪ ಎಂಬ ಹೆಸರು ಪಟ್ಟಿಯಲ್ಲಿ ಎರಡು ಕಡೆ, ಎರಡಕ್ಕೂ ಎದುರು 1. ಸ್ವಲ್ಪ ಕೆಳಗೆ ‘ಶಂಕ್ರಪ್ಪ’, ಅದಕ್ಕೂ 1. ಕೂಡಿದರೆ ಮೂರು. ಅವರು ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು.

ಶಂಕ್ರಪ್ಪ ಏಕೆ ಬೇರೆಯಾಯಿತು ಎಂದು ಕೇಳಬೇಕಾಗಿಲ್ಲ. ಆದರೆ ನೋಡಲು ತದ್ರೂಪಿಗಳಾದ ಆ ಎರಡು ಶಂಕರಪ್ಪ? ಹುಡುಗ ಪರದೆಯನ್ನು ಹಿಗ್ಗಿಸಿ ನೋಡಿದ, ಕಾಣಲಿಲ್ಲ. ಇಂಥ ಕಡೆ ಕಣ್ಣನ್ನು ನಂಬಿ ಕುಳಿತರೆ ಹೊತ್ತು ಹಾಳು. ಹೆಸರಿನ ಪ್ರತಿ ಸಂಕೇತದ ಯೂನಿಕೋಡ್ ಸಂಖ್ಯೆಯನ್ನು ಹೇಳುವ ‘ಆರ್ಡ್’ ಎಂಬ ಪುಟ್ಟ ಫಂಕ್ಷನ್ ಪೈಥಾನ್‌ನಲ್ಲಿದೆ. ಎರಡೂ ಹೆಸರುಗಳನ್ನು ಅದಕ್ಕೆ ಕೊಟ್ಟೆವು. ಒಂದರಲ್ಲಿ ಶ ಆದ ಮೇಲೆ 3202, ಇನ್ನೊಂದರಲ್ಲಿ 3302. ಮೊದಲನೆಯದು ಅನುಸ್ವಾರ. ಎರಡನೆಯದು ಕನ್ನಡದ ಅಂಕಿ ಸೊನ್ನೆ. ಒಂದು ವರ್ಷ ಟೈಪ್ ಮಾಡಿದವರು ಅನುಸ್ವಾರ ಬರಬೇಕಾದಲ್ಲೆಲ್ಲ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಮುದ್ರಿಸಿದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಅಂತರ್ಜಾಲದ ಹಳೆಯ ಕನ್ನಡ ಬರಹಗಳಲ್ಲಿ ಬೆಂಗಳೂರನ್ನು ಹೀಗೆ ಅಂಕಿಯ ಸೊನ್ನೆ ಹಾಕಿ ಬರೆದದ್ದು ಬೇಕಾದಷ್ಟು ಸಿಗುತ್ತದೆ. ಮಂಜುನಾಥ, ಗಂಗಮ್ಮ, ನಂಜಪ್ಪ, ರಂಗಸ್ವಾಮಿ: ನಮ್ಮ ಹೆಸರುಗಳಲ್ಲಿ ಅನುಸ್ವಾರಕ್ಕೇನು ಬರವೇ? ಆ ಒಂದು ವರ್ಷದ ಹಾಜರಿಯಲ್ಲಿ ಅನುಸ್ವಾರವಿದ್ದ ಯಾರ ಹೆಸರೂ ಉಳಿದ ನಾಲ್ಕು ವರ್ಷಗಳ ಜೊತೆ ಕೂಡಿಕೊಂಡಿರಲಿಲ್ಲ. ‘ಕೋಂ’ ಎಂಬುದರಲ್ಲೂ ಅದೇ ಸೊನ್ನೆಯಾದ್ದರಿಂದ ಹುಡುಗನ ಕತ್ತರಿ ಆ ವರ್ಷದ ಹೆಂಗಸರ ಹೆಸರುಗಳ ಮೇಲೆ ಓಡಲೇ ಇಲ್ಲ. ಅವು ಗಂಡನ ಹೆಸರಿನ ಸಮೇತ ಬೇರೆಯೇ ಸಾಲುಗಳಾಗಿ ಉಳಿದಿದ್ದವು.

ಸೊನ್ನೆಯನ್ನೆಲ್ಲ ಅನುಸ್ವಾರ ಮಾಡಿಬಿಡೋಣ ಎಂದ ಹುಡುಗ. ಕೆಲವು ವರ್ಷಗಳ ಕಡತದಲ್ಲಿ ಸದಸ್ಯತ್ವ ಸಂಖ್ಯೆಯೂ ಇತ್ತು, ಅದೂ ಕನ್ನಡ ಅಂಕಿಗಳಲ್ಲಿ. ‘೧೦೨’ ಎಂಬಲ್ಲಿ ಸೊನ್ನೆ ಸೊನ್ನೆಯಾಗಿಯೇ ಇರಬೇಕು. ಆದ್ದರಿಂದ ನಿಯಮ ಹೀಗಾಯಿತು: ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅನುಸ್ವಾರ, ಹಿಂದೆ ಅಂಕಿಯಿದ್ದರೆ ಸೊನ್ನೆ. ಪೈಥಾನ್ ಕನ್ನಡ ಅಂಕಿಗಳನ್ನು ನೇರವಾಗಿ ಸಂಖ್ಯೆಯಾಗಿ ಓದಬಲ್ಲದು; ೧೦೨ ಕೊಟ್ಟರೆ 102 ಎನ್ನುತ್ತದೆ. ನಡುವೆ ಅನುಸ್ವಾರ ನುಸುಳಿದ್ದರೆ ದೋಷವೆಂದು ಹೇಳಿ ನಿಲ್ಲುತ್ತದೆ. ಹಾಗೆ ನಿಂತ ಕಡೆಗಳೂ ಸಿಕ್ಕವು. ತಪ್ಪು ಎರಡೂ ದಿಕ್ಕಿನಲ್ಲಿ ನಡೆದಿತ್ತು.

ಉಳಿದ ಯಾಂತ್ರಿಕ ತೊಡಕುಗಳು ಇಷ್ಟು ಸ್ವಾರಸ್ಯದವಲ್ಲ, ಆದರೂ ಇದೇ ಕೆಲಸಕ್ಕೆ ಇಳಿಯುವವರಿಗೆ ಬೇಕಾದೀತು. ‘ಸೋಮಣ್ಣ’ನ ಮೊದಲ ಅಕ್ಷರದ ಓತ್ವ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರು ತುಂಡುಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ, ಆದರೆ ಎಣಿಸುವ ಪ್ರೋಗ್ರಾಂ ಸಂಕೇತಗಳನ್ನು ಮಾತ್ರ ಹೋಲಿಸುತ್ತದೆ. ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣವನ್ನು ನಡೆಸಿದರೆ ತುಂಡುಗಳು ಒಂದಾಗುತ್ತವೆ. ಎನ್‌ಎಫ್‌ಸಿಯನ್ನು ಸರ್ವರೋಗ ನಿವಾರಕವೆಂದು ಎಣಿಸುವವರಿದ್ದಾರೆ. ಅದು ಸೊನ್ನೆಯನ್ನೂ ಸರಿಮಾಡುವುದಿಲ್ಲ, ಕಣ್ಣಿಗೆ ಕಾಣದ ಜೋಡಕಗಳನ್ನೂ ತೆಗೆಯುವುದಿಲ್ಲ. ‘ಮಂಜುನಾಥ್’ ಎಂಬ ಹೆಸರಿನ ಕೊನೆಯಲ್ಲಿ 8204 ಎಂಬ ಶೂನ್ಯ ಅಗಲದ ಸಂಕೇತ ಕೆಲವು ಕಡೆ ಅಂಟಿಕೊಂಡಿತ್ತು, ಕೆಲವು ಕಡೆ ಇರಲಿಲ್ಲ. ಸಾಲಿನ ತುದಿಯ ಖಾಲಿ ಜಾಗ ತೆಗೆಯುವ ‘ಸ್ಟ್ರಿಪ್’ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ಅದು ಖಾಲಿ ಜಾಗವೇ ಅಲ್ಲ. ‘ಸೂರ್ಯನಾರಾಯಣ’ದಲ್ಲಿ ಅರ್ಕಾವತ್ತಿನ ಬದಲು ಪೂರ್ಣ ರಕಾರ ಕಾಣುವಂತೆ 8205 ಸೇರಿಸಿದ ರೂಪವೂ ಇತ್ತು. ಇವೆರಡನ್ನೂ ಹೋಲಿಕೆಗಾಗಿ ಮಾತ್ರ ತೆಗೆದೆವು. ಮೊದಲಕ್ಷರಗಳ ನಡುವಿನ ಚುಕ್ಕಿ, ಜಾಗ, ಹೆಸರಿನ ಹಿಂದಿನ ಶ್ರೀ, ಶ್ರೀಮತಿ ಕೂಡ ಹಾಗೆಯೇ.

ಹೋಲಿಕೆಗಾಗಿ ಮಾತ್ರ ಎಂಬುದನ್ನು ಒತ್ತಿ ಹೇಳಬೇಕು. ಹುಡುಗನ ಮೊದಲ ಪ್ರೋಗ್ರಾಂ ಹೆಸರನ್ನೇ ತಿದ್ದಿ ಮುಂದೆ ಹೋಗುತ್ತಿತ್ತು. ತಿದ್ದುವ ಮೊದಲು ಏನಿತ್ತು ಎಂಬುದು ಅಲ್ಲಿಗೆ ಮುಗಿಯಿತು. ಹೊಸದರಲ್ಲಿ ಪ್ರತಿ ಸಾಲಿಗೂ ಮೂರು ವಿವರಗಳು ಉಳಿದವು: ಕಡತದಲ್ಲಿ ಇದ್ದಂತೆಯೇ ಇರುವ ಹೆಸರು, ಅದರಿಂದ ತಯಾರಿಸಿದ ಹೋಲಿಕೆಯ ಕೀಲಿ, ಸಾಲಿನ ಸಂಖ್ಯೆ. ಯಾವ ಸಾಲು ಯಾವುದರ ಜೊತೆ ಏಕೆ ಕೂಡಿತು ಎಂದು ಯಾರು ಕೇಳಿದರೂ ತೋರಿಸಲು ಸಾಧ್ಯವಾಯಿತು. ಫಲಕದ ಮುಂದೆ ಜಗಳ ನಡೆಯುತ್ತಿದ್ದ ಊರಿನಲ್ಲಿ ಇದರ ಬೆಲೆ ದೊಡ್ಡದು.

ಹೆಸರುಗಳನ್ನು ಸಭೆಗಳೊಂದಿಗೆ ಜೋಡಿಸುವಾಗ ಇನ್ನೊಂದು ಕೌತುಕ. ಸಾಲುಗಳನ್ನು ಸುಮ್ಮನೆ ಎಣಿಸಿದರೆ ಒಂದೇ ಸಭೆಯಲ್ಲಿ ಎರಡು ಕಡೆ ಸಹಿ ಹಾಕಿದವರಿಗೂ ಎರಡು ಎಂದೇ ಬರುತ್ತದೆ. ಆದ್ದರಿಂದ ಎಣಿಕೆಯ ಜಾಗದಲ್ಲಿ ಪ್ರತಿ ಹೆಸರಿಗೂ ಸಭೆಗಳ ಒಂದು ಗಣವನ್ನು ಇಟ್ಟೆವು. ಪ್ರತಿ ವರ್ಷದ ಭಾಗವೂ ನಕ್ಷತ್ರ ಗುರುತಿನಿಂದ ಶುರುವಾಗುವ ಒಂದು ಶೀರ್ಷಿಕೆ ಸಾಲಿನಿಂದ ಆರಂಭವಾಗುತ್ತಿತ್ತು; ಅದನ್ನು ಹಿಡಿದು ಸಭೆಗಳನ್ನು ಬೇರ್ಪಡಿಸುವ ಯೋಜನೆ. ಓಡಿಸಿದರೆ ಐದರ ಬದಲು ಮೂರೇ ಸಭೆಗಳು. ಎರಡು ವರ್ಷಗಳ ಕಡತಗಳನ್ನು ಹಳೆಯ ನೋಟ್‌ಪ್ಯಾಡ್‌ನಲ್ಲಿ ಉಳಿಸಿದ್ದರು. 2019ಕ್ಕೆ ಹಿಂದಿನ ನೋಟ್‌ಪ್ಯಾಡ್ ಯುಟಿಎಫ್-8 ಕಡತದ ತಲೆಗೆ 65279 ಎಂಬ ಕಾಣದ ಗುರುತೊಂದನ್ನು ಸೇರಿಸುತ್ತಿತ್ತು. ಕಡತಗಳನ್ನು ಒಂದರ ಹಿಂದೆ ಒಂದು ಅಂಟಿಸಿದಾಗ ಆ ಗುರುತು ನಡುವೆ ಬಂದು ಕುಳಿತು, ನಕ್ಷತ್ರಕ್ಕಿಂತ ಮೊದಲು ನಿಂತಿತು. ಪ್ರೋಗ್ರಾಂಗೆ ಆ ಸಾಲು ಶೀರ್ಷಿಕೆಯಾಗಿ ಕಾಣದೆ, ಆ ವರ್ಷ ಬಂದವರೆಲ್ಲ ಹಿಂದಿನ ವರ್ಷದ ಸಭೆಗೇ ಸೇರಿಹೋದರು. ಪೈಥಾನ್‌ನಲ್ಲಿ ಈ ಗುರುತನ್ನು ನುಂಗುವ ಒಂದು ಸಂಕೇತಪದ್ಧತಿ ಇದೆಯಾದರೂ ಅದು ಕಡತದ ಮೊದಲಲ್ಲಿರುವ ಒಂದನ್ನು ಮಾತ್ರ ನುಂಗುತ್ತದೆ. ನಡುವಿನವುಗಳನ್ನು ಕೈಯಾರೆ ತೆಗೆಯಬೇಕು. ಸಭೆಗಳು ಎಷ್ಟು ಎಂದು ಪ್ರೋಗ್ರಾಂನಿಂದ ಹೇಳಿಸಿದ್ದರಿಂದ ಇದು ಸಿಕ್ಕಿಬಿತ್ತು. ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆಯನ್ನು ಪ್ರೋಗ್ರಾಂಗೆ ಕೇಳುವುದು ಒಳ್ಳೆಯ ಅಭ್ಯಾಸ.

ಇಷ್ಟಾದ ಮೇಲೆ ಫಲಕದಿಂದ ಬಿಟ್ಟುಹೋಗಿದ್ದವರಲ್ಲಿ ಬಹುಪಾಲು ಜನ ಪಟ್ಟಿಗೆ ಮರಳಿದರು. ಉಳಿದದ್ದು ಶಂಕ್ರಪ್ಪನಂಥ ಹೆಸರುಗಳು. ತೀರ್ಮಾನದ ನಿಜವಾದ ಕವಲು ಬಂದದ್ದು ಇಲ್ಲಿ.

ಹುಡುಗನ ಸಲಹೆ ಸಹಜವಾದದ್ದೇ. ಪೈಥಾನ್‌ನ ‘ಡಿಫ್‌ಲಿಬ್’ ಎರಡು ಪದಗಳು ಎಷ್ಟು ಹತ್ತಿರ ಎಂದು ಸೊನ್ನೆಯಿಂದ ಒಂದರ ನಡುವಿನ ಅಂಕಿಯಲ್ಲಿ ಹೇಳುತ್ತದೆ. ಅದರ ಹತ್ತಿರದ ಪದ ಹುಡುಕುವ ಫಂಕ್ಷನ್, ಬೇರೆ ಏನೂ ಹೇಳದಿದ್ದರೆ, 0.6ಕ್ಕಿಂತ ಕಡಿಮೆ ಅಂಕದವನ್ನು ಬಿಟ್ಟು ಉಳಿದವುಗಳಲ್ಲಿ ಅತಿ ಹತ್ತಿರದ, ಹೆಚ್ಚೆಂದರೆ ಮೂರನ್ನು ಕೊಡುತ್ತದೆ. ಹತ್ತಿರದ ಹೆಸರುಗಳನ್ನು ಒಂದುಗೂಡಿಸಿದರೆ ಶಂಕ್ರಪ್ಪ ಶಂಕರಪ್ಪನಾಗುತ್ತಾನೆ, ಕೆಲಸ ಮುಗಿಯುತ್ತದೆ. ಕಾರ್ಯದರ್ಶಿಗಳಿಗೂ ಇದು ಹಿಡಿಸಿತು, ಚುನಾವಣೆ ಮುಂದಿತ್ತು.

ಒಪ್ಪುವ ಮೊದಲು ಎರಡು ಜೋಡಿಗಳನ್ನು ಪರೀಕ್ಷಿಸೋಣ ಎಂದೆ. ಒಂದು ಜೋಡಿ ಶಿವಣ್ಣ ಮತ್ತು ಶಿವಮ್ಮ. ಒಂದೇ ಮನೆಯ ಅಣ್ಣ, ತಂಗಿ, ಇಬ್ಬರೂ ಸದಸ್ಯರು. ಇನ್ನೊಂದು ಜೋಡಿ ಲಕ್ಷ್ಮಮ್ಮ ಮತ್ತು ಲಚ್ಚಮ್ಮ. ರಂಗಪ್ಪನವರ ಹೆಂಡತಿಯನ್ನು ಒಬ್ಬ ಗುಮಾಸ್ತರು ಹಾಗೆ ಬರೆದರೆ ಇನ್ನೊಬ್ಬರು ಊರವರು ಕರೆಯುವಂತೆಯೇ ಹೀಗೆ ಬರೆದಿದ್ದರು. ಶಿವಣ್ಣ, ಶಿವಮ್ಮ ಎರಡರಲ್ಲೂ ಆರಾರು ಸಂಕೇತಗಳು, ಅವುಗಳಲ್ಲಿ ನಾಲ್ಕು ಹೊಂದುತ್ತವೆ. ಡಿಫ್‌ಲಿಬ್ ಕೊಟ್ಟ ಅಂಕ 0.67. ಲಕ್ಷ್ಮಮ್ಮನಲ್ಲಿ ಒಂಬತ್ತು, ಲಚ್ಚಮ್ಮನಲ್ಲಿ ಏಳು ಸಂಕೇತಗಳು, ಹೊಂದುವವು ಐದು, ಅಂಕ 0.625. ಅಂದರೆ ಇಬ್ಬರು ಬೇರೆ ಬೇರೆ ಮನುಷ್ಯರು ಒಬ್ಬಳೇ ಹೆಂಗಸಿಗಿಂತ ಹೆಚ್ಚು ಹತ್ತಿರ! ಗೆರೆಯನ್ನು ಎಲ್ಲಿ ಎಳೆದರೂ ಲಕ್ಷ್ಮಮ್ಮ, ಲಚ್ಚಮ್ಮರನ್ನು ಕೂಡಿಸಿ ಶಿವಣ್ಣ, ಶಿವಮ್ಮರನ್ನು ಬೇರೆಯಿಡಲು ಆಗುವುದಿಲ್ಲ. ಅಣ್ಣ, ಅಮ್ಮ, ಅಪ್ಪ, ಅಯ್ಯಗಳಲ್ಲಿ ಮುಗಿಯುವ ನಮ್ಮ ಹೆಸರುಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸವೆಲ್ಲ ಕೊನೆಯ ಒಂದು ಒತ್ತಕ್ಷರದಲ್ಲಿ ಇರುತ್ತದೆ. ಬೇರೆ ಭಾಷೆಯ ಕಾಗುಣಿತ ದೋಷ ಹಿಡಿಯಲು ಸಾಕಾಗುವ ಅಳತೆ ಇಲ್ಲಿ ಮತದ ಹಕ್ಕನ್ನು ನಿರ್ಧರಿಸಬಾರದು.

ಕಾರ್ಯದರ್ಶಿಗಳು ಆ ಎರಡು ಅಂಕಿಗಳನ್ನು ಎರಡು ಸಲ ನೋಡಿ, “ಹಾಗಾದರೆ ಬೇಡ” ಎಂದರು. ಹತ್ತಿರದ ಹೆಸರುಗಳನ್ನು ಪ್ರೋಗ್ರಾಂ ಸೂಚಿಸಲಿ, ಕೂಡಿಸುವುದು ಬೇಡ ಎಂದು ನಿಶ್ಚಯವಾಯಿತು.

ಅದಕ್ಕಿಂತ ದೊಡ್ಡ ಬದಲಾವಣೆ ಎಣಿಕೆಯ ದಿಕ್ಕಿನಲ್ಲಿ ಆಯಿತು. ಅದುವರೆಗೆ ಹಾಜರಿ ಕಡತದಲ್ಲಿ ಸಿಕ್ಕ ಹೆಸರುಗಳಿಂದ ಹೊರಟು ಸದಸ್ಯರನ್ನು ತಲುಪುವ ಪ್ರಯತ್ನ ನಡೆದಿತ್ತು. ಒಂದು ಹೆಸರು ಎಷ್ಟು ಸಲ ಬಂದಿದೆ ಎಂಬುದು ಬೈಲಾ ಕೇಳಿದ ಪ್ರಶ್ನೆಯಲ್ಲ. ಒಬ್ಬ ಸದಸ್ಯ ಎಷ್ಟು ಸಭೆಗೆ ಬಂದಿದ್ದಾನೆ ಎಂಬುದು ಅದರ ಪ್ರಶ್ನೆ. ಸಂಘದಲ್ಲಿ ಷೇರುದಾರರ ರಿಜಿಸ್ಟರ್ ಇದ್ದೇ ಇತ್ತು, ಸದಸ್ಯತ್ವ ಸಂಖ್ಯೆ, ಬಿನ್, ಕೋಂ ಎಲ್ಲದರ ಸಹಿತ. ಅಲ್ಲಿಂದ ಹೊರಟೆವು. ಪ್ರತಿ ಸದಸ್ಯರಿಗೂ ಒಂದು ಸಾಲು, ಅದರ ಮುಂದೆ ಐದು ಸಭೆಗಳ ಐದು ಮನೆ. ಸದಸ್ಯತ್ವ ಸಂಖ್ಯೆಯೋ, ಬಿನ್ ಕೋಂ ಸಮೇತದ ಹೆಸರೋ ಸರಿಯಾಗಿ ಹೊಂದಿದ ಸಾಲುಗಳನ್ನು ಪ್ರೋಗ್ರಾಂ ತಾನೇ ತುಂಬಿತು. ಒಬ್ಬರಿಗಿಂತ ಹೆಚ್ಚು ಸದಸ್ಯರಿಗೆ ಹೊಂದಬಹುದಾದವು ಒಂದು ಪಟ್ಟಿಗೆ, ಯಾರಿಗೂ ಹೊಂದದವು ಇನ್ನೊಂದಕ್ಕೆ. ಹುಡುಗ ಮೊದಲು ಹೆಚ್ಚುವರಿ ಎಂದು ಕತ್ತರಿಸಿದ್ದ ಬಿನ್, ಕೋಂಗಳೇ ಈಗ ಹೆಚ್ಚಿನ ಗೋಜಲನ್ನು ಬಿಡಿಸಿದವು.

ಕೊನೆಯ ಎರಡು ಪಟ್ಟಿಗಳನ್ನು ಮುದ್ರಿಸಿ, ಸಾಲಿನ ಸಂಖ್ಯೆಯ ಸಮೇತ, ಹಳೆಯ ಗುಮಾಸ್ತರ ಮುಂದಿಟ್ಟರು. ನಿವೃತ್ತರಾಗಿದ್ದ ಅವರನ್ನು ಮನೆಯಿಂದ ಕರೆಸಬೇಕಾಯಿತು. ಪಕ್ಕದಲ್ಲಿ ಮೂಲ ಹಾಜರಿ ಪುಸ್ತಕಗಳು, ಎರಡೂ ಕಡೆಯ ಒಬ್ಬೊಬ್ಬ ಪ್ರತಿನಿಧಿ. ಶಂಕ್ರಪ್ಪ ಯಾರು ಎಂದು ಕೇಳಿದ್ದಕ್ಕೆ, “ನಮ್ಮ ಶಂಕರಪ್ಪನೇ ಕಣಪ್ಪ, ಇನ್ಯಾರು?” ಎಂದು ಅವರು ತಲೆ ಎತ್ತದೆಯೇ ಹೇಳಿದರಂತೆ. ಆದರೂ ಸಹಿ ನೋಡಿಯೇ ಗುರುತು ಹಾಕಿದರು. ಬಹಳಷ್ಟು ಸಾಲುಗಳು ಹೀಗೆ ಒಂದು ಮಧ್ಯಾಹ್ನದಲ್ಲಿ ಇತ್ಯರ್ಥವಾದವು. ಪ್ರೋಗ್ರಾಂ ಮಾಡಿದ ದೊಡ್ಡ ಉಪಕಾರವೆಂದರೆ ಮನುಷ್ಯರು ನೋಡಬೇಕಾದ ಸಾಲುಗಳನ್ನು ಒಂದು ಮಧ್ಯಾಹ್ನಕ್ಕೆ ಸಾಲುವಷ್ಟಕ್ಕೆ ಇಳಿಸಿದ್ದು.

ಲಕ್ಷ್ಮಮ್ಮನ ಲೆಕ್ಕ ಮಾತ್ರ ಸುಲಭಕ್ಕೆ ಬಗೆಹರಿಯಲಿಲ್ಲ. ಮೊದಲ ಎಣಿಕೆಯ ಆರು ಲಕ್ಷ್ಮಮ್ಮ, ಒಂದು ಲಚ್ಚಮ್ಮ, ಒಟ್ಟು ಏಳು ಸಾಲು. ರಿಜಿಸ್ಟರ್‌ನಲ್ಲಿ ಇಬ್ಬರು: ಲಕ್ಷ್ಮಮ್ಮ ಕೋಂ ರಂಗಪ್ಪ, ಲಕ್ಷ್ಮಮ್ಮ ಕೋಂ ದಾಸಪ್ಪ. ಲಚ್ಚಮ್ಮ ಎಂದಿದ್ದ ಸಾಲೂ ಸೇರಿ ನಾಲ್ಕು ರಂಗಪ್ಪನವರ ಪತ್ನಿಯವು, ಒಂದು ದಾಸಪ್ಪನವರ ಪತ್ನಿಯದು ಎಂದು ಖಚಿತವಾಯಿತು. ಎರಡು ಸಾಲುಗಳಲ್ಲಿ ಬರೀ ಲಕ್ಷ್ಮಮ್ಮ ಎಂದಷ್ಟೇ ಇತ್ತು. ರಂಗಪ್ಪನವರ ಪತ್ನಿಗೆ ಮತ ಇದ್ದೇ ಇತ್ತು. ದಾಸಪ್ಪನವರ ಪತ್ನಿಗೆ ಇನ್ನೊಂದು ಸಭೆ ಸಿಕ್ಕರೆ ಮತ, ಇಲ್ಲದಿದ್ದರೆ ಇಲ್ಲ. ಪಠ್ಯ ಕಡತದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಎಷ್ಟು ಜಾಣ ಪ್ರೋಗ್ರಾಂ ಬರೆದರೂ ಸಿಗುತ್ತಿರಲಿಲ್ಲ. ಕಾಗದದಲ್ಲಿತ್ತು. ರಂಗಪ್ಪನವರ ಪತ್ನಿ ಅಕ್ಷರ ಬಲ್ಲವರು, ಎಲ್ಲ ಕಡೆ ಸಹಿ ಹಾಕಿದ್ದರು. ದಾಸಪ್ಪನವರ ಪತ್ನಿಯದು ಹೆಬ್ಬೆಟ್ಟು. ಟೈಪ್ ಮಾಡುವಾಗ ಸಹಿ, ಹೆಬ್ಬೆಟ್ಟಿನ ಭೇದ ಕಡತಕ್ಕೆ ಬಂದಿರಲಿಲ್ಲ. ಪುಟ ತೆರೆದು ನೋಡಿದರೆ ಒಂದು ಸಾಲಿನ ಎದುರು ಹೆಬ್ಬೆಟ್ಟು ಇತ್ತು. ಅವರಿಗೆ ಎರಡನೆಯ ಸಭೆಯ ಹಾಜರಿ ಸಿಕ್ಕಿತು, ಮತವೂ ದಕ್ಕಿತು.

ಇನ್ನೊಂದು ಸಾಲಿನ ಎದುರು ಸಹಿಯೂ ಇರಲಿಲ್ಲ, ಹೆಬ್ಬೆಟ್ಟೂ ಇರಲಿಲ್ಲ. ಗುಮಾಸ್ತರು ಹೆಸರನ್ನು ಬರೆದಿಟ್ಟಿದ್ದರು, ಅಷ್ಟೇ. ಗುರುತಿಲ್ಲದ ಸಾಲನ್ನು ಯಾರ ಲೆಕ್ಕಕ್ಕೂ ಸೇರಿಸಬಾರದೆಂದು ಆಡಳಿತ ಮಂಡಳಿ ತೀರ್ಮಾನಿಸಿ, ಅಂಥ ಎಲ್ಲ ಸಾಲುಗಳ ಸಂಖ್ಯೆಯನ್ನು ನಡಾವಳಿಯಲ್ಲಿ ದಾಖಲಿಸಿತು. ಪರಿಷ್ಕೃತ ಪಟ್ಟಿ ಈ ಸಲ ಪ್ರತಿ ಸದಸ್ಯರೂ ಬಂದ ಸಭೆಗಳ ವಿವರದೊಂದಿಗೆ ಫಲಕಕ್ಕೆ ಹೋಯಿತು, ಆಕ್ಷೇಪಣೆಗೆ ಕಾಲಾವಕಾಶವನ್ನೂ ಕೊಟ್ಟರು. ಕೆಲವು ಆಕ್ಷೇಪಣೆಗಳು ಬಂದವು. ಎಲ್ಲವನ್ನೂ ಸಾಲಿನ ಸಂಖ್ಯೆ ಹಿಡಿದು ಪುಸ್ತಕ ತೆರೆದೇ ಮುಗಿಸಿದರು. ಮುಂದಿನ ವರ್ಷದ ಹಾಜರಿ ಪುಸ್ತಕದಲ್ಲಿ ಸದಸ್ಯತ್ವ ಸಂಖ್ಯೆಯನ್ನು ಮೊದಲೇ ಮುದ್ರಿಸಿ ತರಿಸಿದ್ದಾರೆ.